ರೇಯ್ಡ್ ಯೋಜನೆಯಲ್ಲಿ ದುರಸ್ತಿ ಅವಧಿಯ ಪ್ರಶ್ನೆ

ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಸಂಗ್ರಹವಾಗಿ ಬಳಸಬಹುದೆಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರ ಪ್ರಬಂಧವೊಂದರಲ್ಲಿ ವಾದಿಸಿದರು. ರೇಯ್ಡ್ ಎಂದು ಹೆಸರಾದ ಈ ವ್ಯವಸ್ಥೆಯ ದೌರ್ಬಲ್ಯವನ್ನೂ ಅವರು ಮರೆಮಾಚಲಿಲ್ಲ: ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೂ, ಅಂಥ ನೂರು ಡಿಸ್ಕ್‌ಗಳು ಸೇರಿದ ಕಡೆ ಸರಾಸರಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರದೊಳಗೆ, ಯಾವುದಾದರೊಂದು ಕೆಡುತ್ತದೆ. ವೈಫಲ್ಯವನ್ನು ಅಪವಾದವೆಂದು ಭಾವಿಸದೆ ನಿಯಮವೆಂದೇ ಒಪ್ಪಿಕೊಂಡು ವಿನ್ಯಾಸ ಮಾಡಿದ್ದು ಆ ಪ್ರಬಂಧದ ದೊಡ್ಡ ಕೊಡುಗೆ.

ಪರಿಹಾರದ ತಿರುಳು ಪ್ಯಾರಿಟಿ, ಅಂದರೆ ಡಿಸ್ಕ್‌ಗಳಲ್ಲಿರುವ ದತ್ತಾಂಶದಿಂದ ಲೆಕ್ಕ ಹಾಕಿ ಬರೆದಿಡುವ, ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದನ್ನು ಉಳಿದವುಗಳ ನೆರವಿನಿಂದ ಮತ್ತೆ ಕಟ್ಟಿಕೊಡುವ ಮಾಹಿತಿ. ಹತ್ತು ಡಿಸ್ಕ್‌ಗಳ ಪ್ರತಿ ಗುಂಪಿಗೆ ಒಂದು ಹೆಚ್ಚುವರಿ ಡಿಸ್ಕ್ ಕೊಟ್ಟರೆ ದತ್ತಾಂಶ ನಷ್ಟವಾಗುವ ಸರಾಸರಿ ಅವಧಿ ಸುಮಾರು 8,20,000 ಗಂಟೆಗಳಿಗೆ ಏರುತ್ತದೆಂದು ಆ ಪ್ರಬಂಧ ತೋರಿಸಿತು. ಆದರೆ ಈ ಲೆಕ್ಕ ಎರಡು ಊಹೆಗಳ ಮೇಲೆ ನಿಂತಿದೆ: ಕೆಟ್ಟ ಡಿಸ್ಕ್ ಒಂದೇ ಗಂಟೆಯಲ್ಲಿ ದುರಸ್ತಿಯಾಗುತ್ತದೆ, ಡಿಸ್ಕ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ. ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ದುರಸ್ತಿಗೆ 24 ಗಂಟೆ ಹಿಡಿಯುತ್ತದೆಂದರೆ, ಅದೇ ಸೂತ್ರ ಸುಮಾರು 34,000 ಗಂಟೆಗಳನ್ನು, ಅಂದರೆ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯನ್ನು ಕೊಡುತ್ತದೆ.

ಇಂದಿನ ಡಿಸ್ಕ್‌ಗಳ ಬಾಳಿಕೆ ಅಂದಿಗಿಂತ ಹೆಚ್ಚಿದೆ ಎಂಬುದು ನಿಜವಾದರೂ, ಗಾತ್ರ ಬೆಳೆದಷ್ಟು ವೇಗ ಬೆಳೆದಿಲ್ಲ. 100 ಮೆಗಾಬೈಟ್‌ನ ಡಿಸ್ಕನ್ನು ಸೆಕೆಂಡಿಗೆ 1 ಮೆಗಾಬೈಟ್‌ನಂತೆ ಓದಿ ಮುಗಿಸಲು ಎರಡು ನಿಮಿಷ ಸಾಕಿತ್ತು. 16 ಟೆರಾಬೈಟ್‌ನ ಡಿಸ್ಕನ್ನು ಸೆಕೆಂಡಿಗೆ 200 ಮೆಗಾಬೈಟ್‌ನಂತೆ ಓದಿದರೂ 22 ಗಂಟೆ ಬೇಕು, ಬಳಕೆದಾರರ ಕೆಲಸವೂ ಜೊತೆಗೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಎಷ್ಟು ಜಾಗ ಸಿಗುತ್ತದೆ ಎಂಬುದರಿಂದಲೇ ಯೋಜನೆ ಆರಂಭಿಸುವ ರೂಢಿಯ ದೋಷ ಇಲ್ಲಿ ಕಾಣುತ್ತದೆ. ಇಂಥ ಆರು ಡಿಸ್ಕ್‌ಗಳಿಂದ ರೇಯ್ಡ್ 5 ಕ್ರಮದಲ್ಲಿ 80, ರೇಯ್ಡ್ 6ರಲ್ಲಿ 64, ರೇಯ್ಡ್ 10ರಲ್ಲಿ 48 ಟೆರಾಬೈಟ್ ದೊರೆಯುವುದರಿಂದ ಮೊದಲನೆಯದು ಲಾಭವೆನಿಸುತ್ತದೆ. ಆದರೆ ಅದರಲ್ಲಿ ಒಂದು ಡಿಸ್ಕ್ ಕೆಟ್ಟ ಮೇಲೆ ಉಳಿದ ಐದನ್ನೂ ಆದ್ಯಂತ ಓದಬೇಕಾಗಿದ್ದು, ಆ ದೀರ್ಘ ಅವಧಿಯಲ್ಲಿ ಇನ್ನೊಂದು ಕೆಟ್ಟರೆ ಸಂಗ್ರಹವೇ ಕುಸಿಯುತ್ತದೆ. ಯಾವ ಎರಡು ಡಿಸ್ಕ್ ಕೆಟ್ಟರೂ ತಾಳಿಕೊಳ್ಳುವ ರೇಯ್ಡ್ 6, ದೊಡ್ಡ ಡಿಸ್ಕ್‌ಗಳ ಮಟ್ಟಿಗೆ ಕನಿಷ್ಠ ವಿವೇಕವೆನ್ನಬೇಕು. ಪ್ರತಿ ಡಿಸ್ಕ್‌ಗೂ ಪಡಿಯಚ್ಚನ್ನಿಡುವ ರೇಯ್ಡ್ 10 ಒಂದು ಜೋಡಿಯ ಎರಡೂ ಡಿಸ್ಕ್ ಹೋದರೆ ಸೋಲುತ್ತದಾದರೂ, ಮರುನಿರ್ಮಾಣಕ್ಕೆ ಜೋಡಿಯ ಇನ್ನೊಂದನ್ನಷ್ಟೇ ಓದುವುದರಿಂದ ಮತ್ತು ಸಣ್ಣ ಬರಹಗಳಿಗೆ ಪ್ಯಾರಿಟಿ ತಿದ್ದುವ ಹೊರೆ ಇಲ್ಲದಿರುವುದರಿಂದ ಡೇಟಾಬೇಸ್‌ಗಳಿಗೆ ಹೊಂದುತ್ತದೆ.

ಎರಡನೆಯ ಊಹೆಯೂ ಅಷ್ಟೇ ದುರ್ಬಲ. ಒಂದೇ ಬ್ಯಾಚ್‌ನಲ್ಲಿ ತಯಾರಾಗಿ, ಒಂದೇ ಪೆಟ್ಟಿಗೆಯಲ್ಲಿ, ಒಂದೇ ವಿದ್ಯುತ್ ಮೂಲದಿಂದ ನಡೆಯುವ ಡಿಸ್ಕ್‌ಗಳು ಒಟ್ಟಿಗೆ ಹಳತಾಗಿ ಹತ್ತಿರ ಹತ್ತಿರದ ದಿನಗಳಲ್ಲಿ ಕೆಡುವ ಸಾಧ್ಯತೆ ಇರುತ್ತದೆ. ಆದ್ದರಿಂದ ಬೇರೆ ಬೇರೆ ಬ್ಯಾಚ್‌ಗಳಿಂದ ಖರೀದಿಸುವುದು, ಕೆಟ್ಟದ್ದರ ಜಾಗವನ್ನು ತಾನಾಗಿಯೇ ತುಂಬುವ ಮೀಸಲು ಡಿಸ್ಕ್ ಇಡುವುದು, ಅಡಗಿರುವ ದೋಷಗಳನ್ನು ಹುಡುಕಲು ಎಲ್ಲ ಡಿಸ್ಕ್‌ಗಳನ್ನೂ ನಿಯತವಾಗಿ ಓದಿ ಪರೀಕ್ಷಿಸುವ ಸ್ಕ್ರಬ್ ನಡೆಸುವುದು, ದತ್ತಾಂಶ ತುಂಬುವ ಮುನ್ನವೇ ಒಂದು ಡಿಸ್ಕನ್ನು ಬೇಕೆಂದೇ ಕಳಚಿ ಮರುನಿರ್ಮಾಣದ ಸಮಯವನ್ನು ಅಳೆಯುವುದು ಸ್ಥಾಪನೆಯ ಅಂಗಗಳೇ ಆಗಬೇಕು. ತಪ್ಪಾಗಿ ಅಳಿಸಿದ ಕಡತವನ್ನೋ ಬೆಂಕಿಗೆ ಸಿಕ್ಕ ಸರ್ವರನ್ನೋ ರೇಯ್ಡ್ ಮರಳಿ ಕೊಡಲಾರದಾದ್ದರಿಂದ, ಬೇರೊಂದು ಸ್ಥಳದಲ್ಲಿ ಬ್ಯಾಕಪ್ ಇಡುವುದು ಅನಿವಾರ್ಯ.

1988ರ ಪ್ರಬಂಧದ ವಾದ ಇಂದಿಗೂ ಗಟ್ಟಿಯಾಗಿದೆ. ಸಡಿಲವಾಗಿರುವುದು ಅದರ ಊಹೆಗಳನ್ನು ಮತ್ತೆ ಪರಿಶೀಲಿಸದೆ ಫಲಿತಾಂಶವನ್ನಷ್ಟೇ ನಂಬುವ ಆಚರಣೆ. ಡಿಸ್ಕ್ ಕೆಟ್ಟಾಗ ಅದನ್ನು ಯಾರು ಬದಲಿಸುತ್ತಾರೆ, ಮರುನಿರ್ಮಾಣಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಸಂಗ್ರಹವು ಇನ್ನೆಷ್ಟು ಪೆಟ್ಟು ತಡೆಯಬಲ್ಲದು ಎಂಬುದಕ್ಕೆ ಲಿಖಿತ ಉತ್ತರವಿಲ್ಲದ ರೇಯ್ಡ್ ಯೋಜನೆಯನ್ನು, ಅದು ಎಷ್ಟೇ ಜಾಗ ಒದಗಿಸಲಿ, ಅಪೂರ್ಣವೆಂದೇ ಪರಿಗಣಿಸಬೇಕು.