ಲೋಕಗಳ ಎಣಿಕೆಯೂ ರಸಿಕತನವೂ

ಆಟಗಳ ವಿಷಯವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ವಾಚಕರಾದರೂ ಹುಬ್ಬು ಗಂಟಿಕ್ಕಬಹುದು. ಅದರಲ್ಲಿಯೂ ನಾನು ಹೇಳಹೊರಟಿರುವುದು ಚದುರಂಗದ ಮಾತಲ್ಲ, ಪಗಡೆಯ ಮಾತೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಆಡುವ ವಿಡಿಯೊ ಗೇಮುಗಳ ಮಾತು. ಅವುಗಳಲ್ಲಿಯೂ ಆಕಾಶನೌಕೆ, ಅನ್ಯಗ್ರಹ, ಯಂತ್ರಮಾನವರನ್ನು ವಸ್ತುವಾಗಿ ಉಳ್ಳ ವೈಜ್ಞಾನಿಕ ಕಥೆಯ ಆಟಗಳ ಮಾತು. ಇವುಗಳಲ್ಲಿ ಕಥೆಯಿದೆ, ಪಾತ್ರವಿದೆ, ಸಂಭಾಷಣೆಯಿದೆ, ಸಂಗೀತವಿದೆ; ಮೆಚ್ಚಿಯೋ ಜರೆದೋ ರಾತ್ರಿಯೆಲ್ಲ ವಾದಿಸುವ ಅಭಿಮಾನಿಗಳಂತೂ ಬೇಕಾದಷ್ಟು ಇದ್ದಾರೆ. ವಾದ ಹೆಚ್ಚು, ವಿಮರ್ಶೆ ಕಡಿಮೆ ಎಂಬುದೇ ನನ್ನ ದೂರು. ಕಾಲು ಶತಮಾನದಿಂದ ಈ ಆಟಗಳನ್ನು ಆಡುತ್ತ ಬಂದವನಾದ್ದರಿಂದ ಇಷ್ಟು ಹೇಳುವ ಅಧಿಕಾರ ನನಗೂ ಸ್ವಲ್ಪ ಉಂಟೆಂದು ಭಾವಿಸಿದ್ದೇನೆ.

ನಮ್ಮೂರು ಉಳವಿ. ಚನ್ನಬಸವಣ್ಣನವರ ಉಳವಿಯಲ್ಲ, ಅದು ಉತ್ತರ ಕನ್ನಡ ಜಿಲ್ಲೆಯದು. ನಮ್ಮದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿ. ಬೆಂಗಳೂರಿನಲ್ಲಿ ಕೆಲವು ವರ್ಷ ನೌಕರಿ ಮಾಡಿ ತೋಟಕ್ಕೆ ಮರಳಿದಾಗ ಪುಸ್ತಕಗಳ ಜೊತೆಗೆ ಕಂಪ್ಯೂಟರನ್ನೂ ಹೊತ್ತು ತಂದೆ. ಮಳೆಗಾಲದಲ್ಲಿ ಕರೆಂಟು ಇರುವಷ್ಟು ಹೊತ್ತು ಆಟ, ಹೋದ ಮೇಲೆ ಆಟವನ್ನು ಕುರಿತ ಯೋಚನೆ; ಹೀಗೆ ಎರಡಕ್ಕೂ ಸಮನಾಗಿ ಅವಕಾಶ ಒದಗುವ ಊರು ಇದು.

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ಸೋದರಳಿಯ ರಜೆಗೆ ಬಂದಿದ್ದ. ಊಟಕ್ಕೆ ಕುಳಿತರೂ ಮುಖದಲ್ಲಿ ಗೆಲುವಿಲ್ಲ. ವಿಚಾರಿಸಿದರೆ, ಆಟವೊಂದರ ವಿಷಯಕ್ಕೆ ಆಪ್ತ ಗೆಳೆಯನೊಂದಿಗೆ ಜಗಳವಾಡಿ ಮಾತು ಬಿಟ್ಟು ಹದಿನೈದು ದಿನವಾಗಿತ್ತು.

"ಅವನು ಆಡೋ ಆಟದಲ್ಲಿ ಇಡೀ ಸೂರ್ಯಮಂಡಲಕ್ಕೆ ಐದಾರು ಗ್ರಹ, ಮಾವ. ನಂದರಲ್ಲಿ ಹದಿನೆಂಟರ ಮುಂದೆ ಹದಿನೆಂಟು ಸೊನ್ನೆ! ಅದಕ್ಕೂ ಇದಕ್ಕೂ ಹೋಲಿಕೆಯಾ?"

"ಅಷ್ಟರಲ್ಲಿ ನಿನಗೆ ನೆನಪಿರೋವು ಎಷ್ಟೋ?" ಎಂದೆ.

ಹುಡುಗ ಉತ್ತರ ಕೊಡದೆ ಮಜ್ಜಿಗೆ ಬಡಿಸಿಕೊಂಡ.

ಅವನು ಹೇಳಿದ ಲೆಕ್ಕವೇನೋ ಸುಳ್ಳಲ್ಲ. ಇಂಗ್ಲೆಂಡಿನ ಹಲೋ ಗೇಮ್ಸ್ ಎಂಬ ಚಿಕ್ಕ ತಂಡ 2016ರಲ್ಲಿ ಹೊರತಂದ 'ನೋ ಮ್ಯಾನ್ಸ್ ಸ್ಕೈ' ಆಟದಲ್ಲಿ 18,446,744,073,709,551,616 ಗ್ರಹಗಳಿಗೆ ಎಡೆಯಿದೆ. 64 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಇದು. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಡುತ್ತ ಹೋಗಿ ರಾಜನ ಕಣಜವನ್ನೇ ಬರಿದು ಮಾಡಿದ ಜಾಣನ ಕಥೆಯನ್ನು ವಾಚಕರು ಬಾಲ್ಯದಲ್ಲಿ ಕೇಳಿಯೇ ಇರುತ್ತಾರೆ. ಆ ಕಾಳುಗಳ ಮೊತ್ತ ಈ ಗ್ರಹಗಳ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ! ಸೆಕೆಂಡಿಗೊಂದು ಗ್ರಹವನ್ನು ನೋಡುತ್ತ ಹೋದರೂ ಮುಗಿಸಲು 58,000 ಕೋಟಿ ವರ್ಷಗಳು ಬೇಕು. ಇಷ್ಟನ್ನು ಯಾರೂ ಕುಳಿತು ರಚಿಸಿದ್ದಲ್ಲ. ಒಂದು ಗಣಿತಸೂತ್ರವಿದೆ, ಆಟಗಾರ ಅತ್ತ ಹೋದಾಗ ಗ್ರಹ ಹುಟ್ಟುತ್ತದೆ, ಬಿಟ್ಟು ಬಂದಾಗ ಸೂತ್ರದೊಳಗೆ ಅಡಗುತ್ತದೆ.

ಈ ಆಟವನ್ನು ನಾನೂ ಆಡಿದ್ದೇನೆ. ಮೊದಲ ರಾತ್ರಿ ಕೆಂಪು ಹುಲ್ಲಿನ ಬಯಲಿನಲ್ಲಿ ಒಬ್ಬನೇ ನಿಂತು, ಆಕಾಶದಲ್ಲಿ ಎರಡು ಚಂದ್ರರು ಮೂಡುವುದನ್ನು ಕಂಡಾಗ ಮೈ ಜುಮ್ಮೆಂದದ್ದು ನಿಜ. ಹತ್ತನೆಯ ಗ್ರಹದ ಹೊತ್ತಿಗೆ ಹುಲ್ಲಿನ ಬಣ್ಣ ಬೇರೆ, ಮೃಗದ ತಲೆ ಬೇರೆ, ಉಳಿದುದೆಲ್ಲ ಅದೇ ಎಂಬುದು ತಿಳಿಯಿತು. ಎಲೆಯ ತುಂಬ ಹತ್ತು ಪಲ್ಯ ಬಡಿಸಿ ಹತ್ತಕ್ಕೂ ಒಂದೇ ಒಗ್ಗರಣೆ ಹಾಕಿದಂತೆ.

ಸಂಖ್ಯೆಯ ಈ ಮೋಹ ಹೊಸದೇನಲ್ಲ. 1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು 'ಎಲೀಟ್' ಎಂಬ ಆಟವನ್ನು ರಚಿಸಿದರು. ಅವರ ಕೈಯಲ್ಲಿದ್ದ ಬಿಬಿಸಿ ಮೈಕ್ರೊ ಯಂತ್ರದ ಸ್ಮರಣಶಕ್ತಿ ಕೇವಲ 32 ಕಿಲೊಬೈಟ್. ಅವರೂ ಗಣಿತಸೂತ್ರವನ್ನೇ ನಂಬಿ ಕೋಟ್ಯಂತರ ತಾರಾಮಂಡಲಗಳನ್ನು ಸೃಷ್ಟಿಸಬಹುದೆಂದು ಹೊರಟವರು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಅದನ್ನು ತಡೆದು, ಎಂಟು ತಾರಾಮಂಡಲ ಸಾಕು ಎಂದರು. ಮಂಡಲವೊಂದಕ್ಕೆ 256 ಗ್ರಹ. ಸಂಖ್ಯೆ ಮಿತಿಮೀರಿದರೆ ಲೋಕದ ಕೃತಕತೆ ಬಯಲಾಗುತ್ತದೆಂಬುದು ಅವರ ವಾದ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಔಚಿತ್ಯವೆಂದು ಹೆಸರು. ಕ್ಷೇಮೇಂದ್ರನನ್ನು ಓದದೆಯೂ ಔಚಿತ್ಯವನ್ನು ಅರಿತವರು ಇರುವುದುಂಟು.

ಹಾಗಾದರೆ ವೈಜ್ಞಾನಿಕ ಕಥೆಯ ಆಟಕ್ಕೆ ಜೀವಾಳವಾವುದು? ಇದಕ್ಕೆ ಈ ಕಲೆಯ ಆದಿಯಲ್ಲಿಯೇ ಉತ್ತರವಿದೆ. 1962ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಎಂಬಾತನೂ ಅವನ ಗೆಳೆಯರೂ ಕೂಡಿ, ಪಿಡಿಪಿ-1 ಎಂಬ ಯಂತ್ರದ ಮೇಲೆ 'ಸ್ಪೇಸ್‌ವಾರ್' ಆಟವನ್ನು ಹೂಡಿದರು. ಎರಡು ನೌಕೆಗಳು ಒಂದಕ್ಕೊಂದು ಗುಂಡು ಹಾರಿಸುತ್ತವೆ, ಕಥೆ ಅಷ್ಟೆ. ಪೀಟರ್ ಸ್ಯಾಮ್ಸನ್ ಎಂಬಾತ ಹಿನ್ನೆಲೆಯಲ್ಲಿ ಸುಮ್ಮನೆ ಎರಚಿದ್ದ ಚುಕ್ಕೆಗಳನ್ನು ತೆಗೆದು ನಿಜವಾದ ನಕ್ಷತ್ರಪಟವನ್ನು ಕೂರಿಸಿದ. ಡ್ಯಾನ್ ಎಡ್ವರ್ಡ್ಸ್ ಎಂಬಾತ ನಡುವೆ ಸೂರ್ಯನೊಬ್ಬನನ್ನು ಇಟ್ಟು ಅವನಿಗೆ ಗುರುತ್ವವನ್ನು ಕೊಟ್ಟ. ನಕ್ಷತ್ರಗಳಿಂದ ಆಟಕ್ಕೆ ಅಂದ ಬಂದಿತು. ಗುರುತ್ವದಿಂದ ಅರ್ಥ ಬಂದಿತು. ಅದುವರೆಗೆ ಎದುರಾಳಿಯನ್ನು ಗೆದ್ದರೆ ಸಾಕಾಗಿತ್ತು. ಅಂದಿನಿಂದ ಇಬ್ಬರ ಮಾತನ್ನೂ ಕೇಳದ ನಿಯಮವೊಂದರೊಡನೆ ಬಾಳುವುದನ್ನು ಕಲಿಯಬೇಕಾಯಿತು. ಸೊರಬದ ಗುಡಿಗಾರರು ಗಂಧದ ತುಂಡನ್ನು ಕೈಗೆತ್ತಿಕೊಂಡಾಗ ಮರದ ಎಳೆ ಎತ್ತ ಹರಿದಿದೆಯೆಂದು ನೋಡಿಯೇ ಉಳಿ ಇಡುತ್ತಾರೆ. ಎಳೆಗೆ ವಿರೋಧವಾಗಿ ಹೋದರೆ ಸಿಗಿದು ಬರುತ್ತದೆ. ವಿಜ್ಞಾನವೆಂಬುದು ಈ ಬಗೆಯ ಕಥೆಗೆ ಮರದ ಎಳೆಯಿದ್ದಂತೆ.

ಇದಕ್ಕೆ ಇನ್ನೊಂದು ನಿದರ್ಶನ ಮೆಕ್ಸಿಕೊ ನಗರದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ'. 2011ರಲ್ಲಿ ಹೊರಬಿದ್ದು 2015ರಲ್ಲಿ ಪೂರ್ಣಗೊಂಡ ಈ ಆಟದಲ್ಲಿ ಹಸಿರು ಮೈಯ ಕುಳ್ಳರಿಗಾಗಿ ರಾಕೆಟ್ಟು ಕಟ್ಟಬೇಕು. ನೋಡಲು ಮಕ್ಕಳಾಟ, ಒಳಗೆ ನ್ಯೂಟನ್ನನ ನಿಷ್ಠುರ ಗಣಿತ. ಒಂದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಬೇಕಾದರೆ ವೇಗವನ್ನು ತಗ್ಗಿಸಬೇಕು ಎಂಬ ವಿಚಿತ್ರ ಸತ್ಯವನ್ನು ನಾನು ಇದರಲ್ಲಿ ಸೋತು ಸೋತು ಕಲಿತೆ. ವೇಗ ತಗ್ಗಿದರೆ ನೌಕೆ ಕೆಳಗಿಳಿಯುತ್ತದೆ. ಕೆಳಗಿನ ಕಕ್ಷೆಯ ಸುತ್ತು ಬೇಗ ಮುಗಿಯುವುದರಿಂದ ಮುಂದಿನದನ್ನು ಹಿಡಿಯುತ್ತದೆ.

2023ರ ಜುಲೈ 14ರಂದು ಹೊರಟ ಚಂದ್ರಯಾನ-3 ಚಂದ್ರನನ್ನು ಮುಟ್ಟಿದ್ದು ಆಗಸ್ಟ್ 23ರಂದು. 1969ರಲ್ಲಿ ಅಪೊಲೊ-11 ನಾಲ್ಕು ದಿನಗಳಲ್ಲಿ ಇಳಿದಿರಲು ನಮ್ಮವರಿಗೇಕೆ ನಲವತ್ತು ದಿನ ಎಂದು ನಮ್ಮೂರ ಚಹದಂಗಡಿಯಲ್ಲಿಯೂ ಚರ್ಚೆ ನಡೆದಿತ್ತು. ಸಣ್ಣ ರಾಕೆಟ್ಟಿನವರು ನೌಕೆ ಭೂಮಿಗೆ ಸಮೀಪ ಬಂದು ಅತಿ ವೇಗವಾಗಿರುವ ಗಳಿಗೆಯಲ್ಲಿ ಎಂಜಿನನ್ನು ಉರಿಸಿ, ಸುತ್ತು ಸುತ್ತಿಗೂ ಕಕ್ಷೆಯನ್ನು ಹಿಗ್ಗಿಸಬೇಕಾಗುತ್ತದೆ. ಅದೇ ಇಂಧನಕ್ಕೆ ಹೆಚ್ಚು ಫಲ ಸಿಗುವುದು ಆ ಗಳಿಗೆಯಲ್ಲಿಯೇ. ಇದನ್ನು ತಟ್ಟೆ ಲೋಟಗಳನ್ನಿಟ್ಟು ವಿವರಿಸಿದವನು ಇದೇ ನನ್ನ ಸೋದರಳಿಯ, ಕಲಿಸಿದ್ದು ಆಟ. ಬೆಂಗಳೂರಿನ ವಿಜ್ಞಾನಿಗಳು ಪಟ್ಟ ಪಾಡಿನಲ್ಲಿ ಒಂದು ಎಳ್ಳಿನಷ್ಟನ್ನಾದರೂ ಊಹಿಸುವ ಶಕ್ತಿ ಒಬ್ಬ ಹುಡುಗನಿಗೆ ಬಂದಿತೆಂದರೆ ಅದು ಸಣ್ಣ ಸಾಧನೆಯಲ್ಲ.

ಇನ್ನು ಅವನ ಗೆಳೆಯನ ಆಟ. ಅದರ ಹೆಸರು 'ಔಟರ್ ವೈಲ್ಡ್ಸ್', 2019ರದು. ಅಲೆಕ್ಸ್ ಬೀಚಮ್ ಎಂಬಾತ ವಿದ್ಯಾರ್ಥಿಯಾಗಿದ್ದಾಗ ಸ್ನಾತಕೋತ್ತರ ಪದವಿಗಾಗಿ ಆರಂಭಿಸಿದ ರಚನೆಯೇ ಬೆಳೆದು ಈ ರೂಪ ತಾಳಿತು. ಚಿಕ್ಕ ಸೂರ್ಯಮಂಡಲ, ಕೈಯಲ್ಲಿ ಕೆತ್ತಿದ ಬೆರಳೆಣಿಕೆಯ ಗ್ರಹಗಳು. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ನೀವು ಸಾಯುತ್ತೀರಿ, ಮತ್ತೆ ಅದೇ ಗಳಿಗೆಯಲ್ಲಿ ಕಣ್ಣು ತೆರೆಯುತ್ತೀರಿ. ಕೂಡಿಡಲು ಹಣವಿಲ್ಲ, ಹೆಚ್ಚಿಸಿಕೊಳ್ಳಲು ಆಯುಧವಿಲ್ಲ. ಒಂದು ಜನ್ಮದಿಂದ ಇನ್ನೊಂದಕ್ಕೆ ನಿಮ್ಮೊಡನೆ ಬರುವುದು ತಿಳಿವಳಿಕೆ ಒಂದೇ. ಸಾವನ್ನು ಗೆಲ್ಲುವುದಕ್ಕಿಂತ ಅರಿಯುವುದು ದೊಡ್ಡದೆಂಬ ಮಾತನ್ನು ಉಪದೇಶವಿಲ್ಲದೆ ಮನಸ್ಸಿಗೆ ಮುಟ್ಟಿಸುವ ಈ ಕೃತಿಯನ್ನು ನಾನು ಒಳ್ಳೆಯ ಕಾದಂಬರಿಗಳ ಸಾಲಿನಲ್ಲಿಡಲು ಹಿಂಜರಿಯುವುದಿಲ್ಲ. ಇದರಲ್ಲಿಯೂ ದೋಷವಿಲ್ಲದಿಲ್ಲ, ನೌಕೆ ನಡೆಸುವುದು ಪ್ರಯಾಸ, ಎಲ್ಲಿಗೆ ಹೋಗಬೇಕೆಂದು ತೋಚದೆ ಸಂಜೆಗಳೇ ವ್ಯರ್ಥವಾಗುವುದುಂಟು.

ಈಗ ಅಭಿಮಾನಿಗಳ ವಿಚಾರ. ನಮ್ಮ ಕಡೆ ಯಕ್ಷಗಾನದಲ್ಲಿ ಕೆರೆಮನೆಯವರ ಕಡೆಯವರು, ಚಿಟ್ಟಾಣಿಯವರ ಕಡೆಯವರು ಎಂದು ಎರಡು ಪಕ್ಷಗಳು ಬೆಳಗಿನ ತನಕ ವಾದಿಸುತ್ತಿದ್ದುದನ್ನು ನಾನು ಬಲ್ಲೆ. ಆದರೆ ಆ ವಾದದಲ್ಲಿ ಒಂದು ಹೆಜ್ಜೆಯ, ಒಂದು ಕಣ್ಣೋಟದ, ಒಂದು ಅರ್ಥದ ಹೆಸರು ಬರುತ್ತಿತ್ತು. ಆಟಗಳ ಅಭಿಮಾನಿಗಳಲ್ಲಿ ಅನೇಕರಿಗೆ 'ಸೂಪರ್' ಮತ್ತು 'ವೇಸ್ಟ್' ಎಂಬ ಎರಡೇ ಶಬ್ದಗಳು ಸಾಕಾಗಿವೆ. 'ನೋ ಮ್ಯಾನ್ಸ್ ಸ್ಕೈ' ಹೊರಬರುವುದು 2016ರ ಜೂನ್‌ನಿಂದ ಆಗಸ್ಟ್‌ಗೆ ಮುಂದೆ ಹೋಯಿತೆಂಬಷ್ಟಕ್ಕೇ ಅದರ ಮುಖ್ಯ ನಿರ್ಮಾಪಕ ಶಾನ್ ಮರ್ರಿಗೆ ಕೊಲೆಬೆದರಿಕೆಗಳು ಬಂದುವು. ಬಂದ ಮೇಲೆ, ಹೇಳಿದ್ದೆಲ್ಲ ಇಲ್ಲವೆಂದು ಇನ್ನೊಂದು ಸುತ್ತು ಬೈಗಳು. ಕೊರತೆಗಳಿದ್ದುದು ನಿಜ, ಆ ತಂಡ ವರ್ಷಗಟ್ಟಲೆ ಹೆಚ್ಚಿನ ಬೆಲೆ ಕೇಳದೆ ಆಟವನ್ನು ತಿದ್ದುತ್ತ ಬಂದುದೂ ನಿಜ.

ಅಭಿಮಾನಿಗಳೆಲ್ಲ ಹೀಗೆಂದಲ್ಲ. 2012ರಲ್ಲಿ 'ಮಾಸ್ ಎಫೆಕ್ಟ್' ಸರಣಿಯ ಮೂರನೆಯ ಆಟ ಬಂದಾಗ ಅದರ ಮುಕ್ತಾಯ ಬಹುಮಂದಿಗೆ ಹಿಡಿಸಲಿಲ್ಲ. ಮೂರು ಆಟಗಳುದ್ದಕ್ಕೂ ಆಟಗಾರ ಮಾಡಿದ ನೂರಾರು ತೀರ್ಮಾನಗಳು ಕೊನೆಗೆ ಮೂರು ಬಣ್ಣಗಳ ಬೆಳಕಾಗಿ ಮುಗಿದುವೆಂಬುದು ಅವರ ಅಸಮಾಧಾನ. ಕೆಲವರು ಸೇರಿ ನಿರ್ಮಾಪಕರಿಗೆ ನಾನೂರರಷ್ಟು ಪುಟ್ಟ ಕೇಕುಗಳನ್ನು ಕಳುಹಿಸಿದರು: ಮೇಲೆ ಕೆಂಪು, ನೀಲಿ, ಹಸಿರು; ಒಳಗೆ ಎಲ್ಲಕ್ಕೂ ಒಂದೇ ರುಚಿ! ಈ ಸರಣಿಯನ್ನು ಕುರಿತು ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಅದೇ ಜೂನ್‌ನಲ್ಲಿ ನಿರ್ಮಾಪಕರು ಮುಕ್ತಾಯವನ್ನು ಹಿಗ್ಗಿಸಿ ಉಚಿತವಾಗಿ ಕೊಟ್ಟರು.

ಬೇರೆಯವರಿಗೆ ಬುದ್ಧಿ ಹೇಳುವ ಮುನ್ನ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನಗೆ ರುಚಿಸದ ಆಟವೊಂದರ ಕರ್ತೃವಿಗೆ, 'ನೀವು ಈ ಕೆಲಸ ಬಿಡುವುದೇ ಲೋಕೋಪಕಾರ' ಎಂದು ಬರೆದುಬಿಟ್ಟೆ. ಆತನ ಹೆಸರು ಬೇಡ, ತಪ್ಪು ನನ್ನದು. ಎರಡೇ ಸಾಲಿನ ಉತ್ತರ ಬಂದಿತು: 'ನೀವು ನಲವತ್ತು ಗಂಟೆ ಆಡಿದ್ದೀರಿ. ಯಾವ ಗಂಟೆಯಲ್ಲಿ ಆಟ ಕೆಟ್ಟಿತೆಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.' ನನ್ನಲ್ಲಿ ಉತ್ತರವಿರಲಿಲ್ಲ. ಬೈಯುವುದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ಕೆಟ್ಟ ಗಂಟೆಯನ್ನು ಹುಡುಕಲು ಮತ್ತೆ ಮೊದಲಿನಿಂದ ಆಡಬೇಕಾಗಿತ್ತು. ವಿಮರ್ಶೆಯೆಂದರೇನೆಂದು ನನಗೆ ಕಲಿಸಿದವನು ಆತ.

ಈ ವಿವೇಕ ನಮಗೆ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಮೊದಲಾದ ಸಂಸ್ಥೆಗಳಲ್ಲಿ ನಮ್ಮ ತರುಣರು ಪರದೇಶದ ಆಟಗಳಿಗೆ ಬಹುಕಾಲದಿಂದ ಚಿತ್ರ ಬಿಡಿಸಿಕೊಟ್ಟಿದ್ದಾರೆ. 2019ರಲ್ಲಿ ಆ ಸಂಸ್ಥೆಯನ್ನು ಅಮೆರಿಕೆಯ ರಾಕ್‌ಸ್ಟಾರ್ ಕೊಂಡಿತು. ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ. ನಾಳೆ ಇವರೇ ತಮ್ಮದೆನ್ನುವ ಲೋಕವೊಂದನ್ನು ಕಟ್ಟಿದಾಗ, ಗ್ರಹಗಳನ್ನು ಎಣಿಸುವವರೇ ಎದುರಿಗೆ ಕುಳಿತಿದ್ದರೆ ಅವರೂ ಗ್ರಹಗಳನ್ನೇ ಹೆಚ್ಚಿಸುತ್ತಾರೆ; ಸಹೃದಯರಿದ್ದರೆ ಒಂದೇ ಗ್ರಹವನ್ನು ಚೆನ್ನಾಗಿ ಕೆತ್ತುವ ಧೈರ್ಯ ಮಾಡುತ್ತಾರೆ.

ಸೋದರಳಿಯನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಗೆಳೆಯನ ಆಟವನ್ನು ಒಮ್ಮೆ ಆಡಿ ನೋಡು, ಆಮೇಲೆ ಬೈ, ಎಂದೆ. ಮಳೆ ಹಿಡಿದು ಸುರಿಯುತ್ತಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಹತ್ತು ದಿನ ಹಿಡಿಯಿತು. ಮುಗಿಸಿದ ರಾತ್ರಿ ಜಗಲಿಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ.

"ಮಾವ, ಇದನ್ನ ಇನ್ನೊಂದ್ಸಲ ಮೊದಲಿನ ಹಾಗೆ ಆಡೋಕಾಗಲ್ಲ ಅಲ್ವಾ? ಎಲ್ಲಾ ಗೊತ್ತಾಗಿಬಿಟ್ಟಿದೆ."

"ಆಗಲ್ಲ," ಎಂದೆ.

ಮರುದಿನ ಬೆಳಿಗ್ಗೆ ನಾನು ಹಾಲು ತರಲು ಎದ್ದಾಗ ಅವನು ಅಂಗಳದ ತುದಿಯಲ್ಲಿ, ಫೋನಿಗೆ ಸಿಗ್ನಲ್ಲು ಸಿಗುವ ಒಂದೇ ಜಾಗದಲ್ಲಿ, ಕೊಡೆ ಹಿಡಿದು ನಿಂತು ಗೆಳೆಯನೊಡನೆ ಮಾತಾಡುತ್ತಿದ್ದ. ಮೂರನೆಯ ಗ್ರಹದ ವಿಷಯದಲ್ಲಿ ಇಬ್ಬರಿಗೂ ಮತ್ತೆ ಭಿನ್ನಾಭಿಪ್ರಾಯ ಬಂದಿದ್ದಂತೆ ಕಂಡಿತು. ಆದರೆ ಈ ಸಲ ಅವರ ಜಗಳ ಗ್ರಹದ ಮೇಲೆಯೇ ಇತ್ತು.