ಗುಂಡಿ ಒತ್ತಿದರೆ ಸಾಕೆ?

ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಎಳೆದೊಯ್ಯುವ, ಪುಟ್ಟ ಮನೆಯಂಥ ಕ್ಯಾರವಾನುಗಳ ಒಳಗೆ, ಮೇನ್ ಸ್ವಿಚ್ಚಿನ ಹತ್ತಿರ, ಒಂದು ಸೂಚನಾ ಫಲಕ ಇರಬೇಕು. ಅಲ್ಲಿನ ವೈರಿಂಗ್ ನಿಯಮಾವಳಿಯಾದ ಬಿ.ಎಸ್. 7671ರ 721ನೆಯ ವಿಭಾಗ ಹಾಗೆ ವಿಧಿಸಿದೆ. ಕರೆಂಟನ್ನು ಹೇಗೆ ಜೋಡಿಸಬೇಕು, ಹೇಗೆ ಬಿಡಿಸಬೇಕು, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚಿನ ಟೆಸ್ಟ್ ಗುಂಡಿಯನ್ನು ಯಾವಾಗ ಒತ್ತಬೇಕು ಎಂಬುದೆಲ್ಲ ಆ ಫಲಕದಲ್ಲಿದೆ. ಜೊತೆಗೆ ಇನ್ನೊಂದು ಮಾತಿದೆ: ಇಡೀ ವೈರಿಂಗನ್ನು ಬಲ್ಲವರಿಂದ ಮೂರು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸುವುದು ಒಳ್ಳೆಯದು, ಹೆಚ್ಚು ಬಳಸುವವರು ವರ್ಷಕ್ಕೊಮ್ಮೆ ಮಾಡಿಸಲಿ. ಮಾಡಿಸದೆ ಇದ್ದರೆ? ಸ್ವಂತಕ್ಕೆ ಬಳಸುವವರನ್ನು ಕೇಳುವವರು ಯಾರೂ ಇಲ್ಲ. ಹೊಸ ಕ್ಯಾರವಾನಿನ ಮಟ್ಟಿಗೆ ಇದು ದೊಡ್ಡ ಕೊರತೆಯಲ್ಲ. ಎರಡು ಮೂರು ಕೈ ಬದಲಾಗಿ, ಇಪ್ಪತ್ತು ಮಳೆಗಾಲ ಕಂಡ ಹಳೆಯ ಕ್ಯಾರವಾನಿನ ಮಟ್ಟಿಗೆ ಇದೇ ಮುಖ್ಯ ಕೊರತೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಕಾರಿಗೆ ಮೂರು ವರ್ಷ ತುಂಬಿತೆಂದರೆ ಪ್ರತಿ ವರ್ಷ ಎಂ.ಒ.ಟಿ. ಎಂಬ ಸುಸ್ಥಿತಿ ಪರೀಕ್ಷೆ ಕಡ್ಡಾಯ. ಅದೇ ಕಾರು ಎಳೆದುಕೊಂಡು ಹೋಗುವ, 3,500 ಕೆ.ಜಿ. ಒಳಗಿನ ಕ್ಯಾರವಾನಿಗೆ ಅಂಥ ಪರೀಕ್ಷೆಯೇ ಇಲ್ಲ. ವ್ಯಾಪಾರಿಯಿಂದ ಕೊಂಡವರಿಗೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಆಸರೆ ಉಂಟು. ಯಾರದೋ ಮನೆಯ ಅಂಗಳದಿಂದ ಕೊಂಡವರಿಗೆ ಅದೂ ಇಲ್ಲ. ಮಾರುವವನು ಸುಳ್ಳು ಹೇಳಿರಬಾರದು, ಅಷ್ಟೆ. ಬಾಯಿಬಿಡದೆ ನಿಂತಿದ್ದರೆ ಹೊಣೆಯೆಲ್ಲ ಬಹುಮಟ್ಟಿಗೆ ಕೊಂಡವರದು. 1992ರಿಂದೀಚಿನ ಕ್ಯಾರವಾನುಗಳಿಗೆ ಕ್ರಿಸ್ ಎಂಬ ನೋಂದಣಿ ಸಂಖ್ಯೆ ಇದೆ. ಗಾಡಿ ಕದ್ದ ಮಾಲೇ, ಸಾಲ ಬಾಕಿ ಇದೆಯೇ ಎಂದು ತಿಳಿಯಲು ಅದು ನೆರವಾಗುತ್ತದೆ. ಗೋಡೆಯ ಹಿಂದಿನ ತಂತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕ್ಯಾರವಾನಿನ ವಿದ್ಯುತ್ತಿಗೂ ಮನೆಯ ವಿದ್ಯುತ್ತಿಗೂ ಇರುವ ವ್ಯತ್ಯಾಸ ಟೈರಿನಲ್ಲಿದೆ. ಗಾಡಿ ರಬ್ಬರಿನ ಮೇಲೆ ನಿಂತಿರುತ್ತದೆ. ನಾಲ್ಕು ಮೂಲೆಯ ಕಾಲುಗಳು ಲೋಹದ್ದಾದರೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಅಥವಾ ಮರದ ತುಂಡಿನ ಮೇಲೆ ಊರಿರುತ್ತವೆ. ಅಂದರೆ ಅಲ್ಯೂಮಿನಿಯಂ ಹೊದಿಕೆ, ಕಬ್ಬಿಣದ ಚಾಸಿ ಎರಡಕ್ಕೂ ನೆಲದ ನಂಟಿಲ್ಲ. ಇರುವ ಒಂದೇ ನಂಟು, ಹೊರಗಿನಿಂದ ಕರೆಂಟು ತರುವ ಕೇಬಲ್ಲಿನೊಳಗಿನ ಹಸಿರು-ಹಳದಿ ಪಟ್ಟೆಯ ಅರ್ಥಿಂಗ್ ತಂತಿ. ಅದು ಎಲ್ಲೋ ಒಂದು ಕಡೆ ಬಿಟ್ಟುಹೋಗಿದ್ದು, ಒಳಗೆ ಹೀಟರಿನ ಕಾಯಿಲ್ ಲೋಹಕ್ಕೆ ತಾಗಿತೆಂದರೆ ಇಡೀ ಗಾಡಿಯ ಮೈ 230 ವೋಲ್ಟಿಗೆ ಏರಬಹುದು. ಒಳಗಿದ್ದವರಿಗೆ ಏನೂ ಗೊತ್ತಾಗದು. ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿಗೆ ಕೈಹಾಕಿದವರಿಗೆ ಶಾಕ್ ಹೊಡೆಯುತ್ತದೆ.

ಈ ಅಪಾಯಕ್ಕೆ ಬ್ರಿಟಿಷ್ ನಿಯಮಾವಳಿ ಕೊಟ್ಟ ಉತ್ತರ ಮೆಚ್ಚತಕ್ಕದ್ದು. ಕ್ಯಾಂಪ್ ಸೈಟಿನಲ್ಲಿ ಪ್ರತಿ ಗಾಡಿಗೂ ನೀಲಿ ಬಣ್ಣದ, ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ಟು. ಒಂದೊಂದು ಸಾಕೆಟ್ಟಿಗೂ ಪ್ರತ್ಯೇಕವಾಗಿ 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ಟ್ರಿಪ್ ಆಗುವ ಆರ್.ಸಿ.ಡಿ. ನಮ್ಮ ಎಲೆಕ್ಟ್ರಿಷಿಯನ್ನರು ಇ.ಎಲ್.ಸಿ.ಬಿ. ಎಂದು ಕರೆಯುವುದು ಇದನ್ನೇ. ಗಾಡಿಯೊಳಗೆ ಇನ್ನೊಂದು ಆರ್.ಸಿ.ಡಿ. 2.5 ಚದರ ಮಿಲಿಮೀಟರಿನ, 25 ಮೀಟರ್ ಉದ್ದದ ಕೇಬಲ್ಲು. ಅದನ್ನು ಮೊದಲು ಗಾಡಿಗೆ ಸಿಕ್ಕಿಸಿ ಆಮೇಲೆ ಸೈಟಿನ ಸಾಕೆಟ್ಟಿರುವ ಕಂಬಕ್ಕೆ ಸಿಕ್ಕಿಸಬೇಕು, ಬಿಡಿಸುವಾಗ ಕಂಬದಿಂದ ಮೊದಲು ಬಿಡಿಸಬೇಕು. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಬೇಕು, ಏಕೆಂದರೆ ಸುತ್ತಿಟ್ಟ ಕೇಬಲ್ಲಿನ ಬಿಸಿ ಹೊರಗೆ ಹೋಗಲಾರದೆ ಹೊದಿಕೆ ಕರಗುತ್ತದೆ. ಇದೆಲ್ಲ ಯೋಚಿಸಿ ಮಾಡಿದ ವ್ಯವಸ್ಥೆ.

ಬಳಕೆದಾರರು ಈ ವ್ಯವಸ್ಥೆಯಿಂದ ಕಲಿತದ್ದು ಮಾತ್ರ ಒಂದೇ ಒಂದು: ಆರ್.ಸಿ.ಡಿ.ಯ ಟೆಸ್ಟ್ ಗುಂಡಿ ಒತ್ತುವುದು. ಒತ್ತಿದಾಗ ಟಕ್ಕೆಂದು ಬಿದ್ದರೆ 'ಕರೆಂಟು ಸರಿಯಿದೆ' ಎಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಆ ಗುಂಡಿ ಮಾಡುವುದೇನು? ಪೆಟ್ಟಿಗೆಯೊಳಗಿನ ಒಂದು ರೆಸಿಸ್ಟರಿನ ಮೂಲಕ ಸ್ವಲ್ಪ ಕರೆಂಟನ್ನು ಬೇಕೆಂದೇ ಅಡ್ಡದಾರಿಯಲ್ಲಿ ಹರಿಸಿ, ಸ್ವಿಚ್ಚು ಬೀಳುತ್ತದೆಯೇ ಎಂದು ನೋಡುತ್ತದೆ. ಅರ್ಥಿಂಗ್ ತಂತಿ ಈ ಆಟದಲ್ಲಿ ಇಲ್ಲವೇ ಇಲ್ಲ. ಅದನ್ನು ಪೂರ್ತಿ ಕತ್ತರಿಸಿಟ್ಟಿದ್ದರೂ ಗುಂಡಿ ಒತ್ತಿದರೆ ಆರ್.ಸಿ.ಡಿ. ಬೀಳುತ್ತದೆ. ಇದು ಬೀಗ ತಿರುಗುತ್ತದೆಯೇ ಎಂದು ನೋಡಿದ ಹಾಗೆ; ಬಾಗಿಲ ಪಕ್ಕದಲ್ಲಿ ಗೋಡೆ ಇದೆಯೇ ಎಂದು ನೋಡಿದ ಹಾಗಲ್ಲ. ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಮುಟ್ಟಿ, ನೆಲದ ಸಂಪರ್ಕವಿಲ್ಲದೆ ನಿಂತವನನ್ನು ಆರ್.ಸಿ.ಡಿ. ಕಾಯುವುದೂ ಇಲ್ಲ.

ಸಾಕೆಟ್ಟಿಗೆ ಸಿಕ್ಕಿಸಿದರೆ ಮೂರು ದೀಪ ಹೊತ್ತುವ ಅಗ್ಗದ ಟೆಸ್ಟರ್ ಬಗ್ಗೆಯೂ ಇದೇ ತಕರಾರು. ಫೇಸು-ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಅದು ತೋರಿಸುತ್ತದೆ. ಬ್ರಿಟನ್ನಿನಿಂದ ಫ್ರಾನ್ಸಿಗೋ ಸ್ಪೇನಿಗೋ ಗಾಡಿ ಒಯ್ಯುವವರಿಗೆ ಇದು ಬೇಕೇ ಬೇಕು, ಏಕೆಂದರೆ ಅಲ್ಲಿನ ಕಂಬಗಳಲ್ಲಿ ಆ ಅದಲುಬದಲು ಸಾಮಾನ್ಯ. ಒಂದೇ ತಂತಿಯನ್ನು ಕಡಿಯುವ ಎಂ.ಸಿ.ಬಿ. ಇರುವ ಹಳೆಯ ಗಾಡಿಯಾದರೆ ಸ್ವಿಚ್ಚು ಆರಿಸಿದ ಮೇಲೂ ಉಪಕರಣದೊಳಗೆ ಫೇಸು ನಿಂತಿರುತ್ತದೆ. ಆದರೆ ನ್ಯೂಟ್ರಲ್ಲು ಮತ್ತು ಅರ್ಥಿಂಗ್ ಅದಲುಬದಲಾಗಿದ್ದರೆ ಈ ಟೆಸ್ಟರಿಗೆ ತಿಳಿಯದು. ಅರ್ಥಿಂಗ್ ಇದೆ ಎನ್ನುತ್ತದೆಯೇ ಹೊರತು ಎಷ್ಟು ಗಟ್ಟಿಯಾಗಿದೆ ಎನ್ನುವುದಿಲ್ಲ.

ಇನ್ನು ಮನೆಯ ಅಂಗಳ. ಚಳಿಗಾಲದಲ್ಲಿ ಬ್ಯಾಟರಿ ಚಾರ್ಜ್ ಮಾಡಲೆಂದು, ಫ್ರಿಜ್ ತಣ್ಣಗಾಗಲೆಂದು, ಅಡಾಪ್ಟರ್ ಹಾಕಿ ಮನೆಯ ಪ್ಲಗ್ಗಿನಿಂದಲೇ ಗಾಡಿಗೆ ಕರೆಂಟು ಕೊಡುವುದು ಅಲ್ಲಿ ತೀರಾ ಮಾಮೂಲು. ಅಡಾಪ್ಟರುಗಳೂ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತವೆ. ಆದರೆ ಬ್ರಿಟನ್ನಿನ ಬಹಳಷ್ಟು ಮನೆಗಳಿಗೆ ನ್ಯೂಟ್ರಲ್ಲು ಮತ್ತು ಅರ್ಥಿಂಗ್ ಎರಡೂ ರಸ್ತೆಯಿಂದ ಒಂದೇ ತಂತಿಯಲ್ಲಿ ಬರುತ್ತವೆ. ಆ ತಂತಿ ರಸ್ತೆಯಲ್ಲಿ ತುಂಡಾದರೆ ಮನೆಯ ಅರ್ಥಿಂಗಿಗೆ ಸೇರಿದ ಲೋಹವೆಲ್ಲ ಅಪಾಯಕಾರಿ ವೋಲ್ಟೇಜಿಗೆ ಏರುತ್ತದೆ. ಮನೆಯೊಳಗೆ ನಲ್ಲಿ, ಗ್ಯಾಸ್ ಪೈಪು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿರುವುದರಿಂದ ಎಲ್ಲವೂ ಒಟ್ಟಿಗೇ ಏರುತ್ತವೆ, ಮುಟ್ಟಿದವರಿಗೆ ಅಷ್ಟಾಗಿ ತಾಗುವುದಿಲ್ಲ. ಹೊರಗೆ ಹುಲ್ಲಿನ ಮೇಲೆ ನಿಂತು ಕ್ಯಾರವಾನ್ ಮುಟ್ಟಿದವರಿಗೆ ಈ ರಕ್ಷಣೆ ಇಲ್ಲ. ಕರೆಂಟು ಬರುತ್ತಿರುವುದು ಅರ್ಥಿಂಗ್ ತಂತಿಯಿಂದಲೇ ಆದ್ದರಿಂದ ಆರ್.ಸಿ.ಡಿ.ಗೆ ಅದು ಕಾಣುವುದಿಲ್ಲ. ಬಿದ್ದರೂ ಆ ತಂತಿಯನ್ನು ಅದು ಕಡಿಯುವುದಿಲ್ಲ. ವಿದ್ಯುತ್ ಸುರಕ್ಷತೆಯ 2002ರ ನಿಯಮಗಳು ಇಂಥ ಜಂಟಿ ತಂತಿಯನ್ನು ಕ್ಯಾರವಾನಿನ ಲೋಹಕ್ಕೆ ಸೇರಿಸುವುದನ್ನು ನಿಷೇಧಿಸಿರುವುದು ಈ ಕಾರಣಕ್ಕೇ. ಕ್ಯಾಂಪ್ ಸೈಟುಗಳು ಅದಕ್ಕೇ ನೆಲಕ್ಕೆ ತಮ್ಮದೇ ಅರ್ಥಿಂಗ್ ರಾಡು ಹೊಡೆಸುತ್ತವೆ. ಸೈಟಿನಲ್ಲಿ ಬೇಡವೆಂದದ್ದು ಅಂಗಳದಲ್ಲಿ ಮಾತ್ರ ಸಲೀಸಾಗಿ ನಡೆಯುತ್ತಿದೆ. ಬಳಕೆದಾರರ ಕೈಪಿಡಿಗಳಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಮಹತ್ವ ಸಿಗಬೇಕಿತ್ತು.

ಹಳೆಯ ಗಾಡಿಗಳಲ್ಲಿ ಕಂಪನಿಯ ವೈರಿಂಗು ಕೆಟ್ಟಿರುವುದಕ್ಕಿಂತ ಆಮೇಲಿನ ಮಾಲೀಕರ ಕೈಚಳಕ ಕೆಟ್ಟಿರುವುದೇ ಹೆಚ್ಚು. ಮನೆಗೆ ಬಳಸುವ, ಒಂಟಿ ಗಟ್ಟಿ ತಾಮ್ರದ ಕಂಬಿಯ ಕೇಬಲ್ಲು ಎಳೆದು ಹೊಸ ಸಾಕೆಟ್ಟು ಕೂರಿಸಿರುತ್ತಾರೆ. ಕ್ಯಾರವಾನು ಓಡುವ ವಸ್ತು. ರಸ್ತೆಯ ಕುಲುಕಾಟಕ್ಕೆ ಗಟ್ಟಿ ಕಂಬಿ ಬಾಗಿ ಬಾಗಿ ಸ್ಕ್ರೂ ಬಿಗಿದ ಕಡೆಯಲ್ಲಿ ಬಿರುಕುಬಿಡುತ್ತದೆ. ಅದಕ್ಕೇ 721ನೆಯ ವಿಭಾಗ ಹಲವು ಎಳೆಗಳ ತಂತಿಯನ್ನೇ ಬೇಡುತ್ತದೆ, 1.5 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು ಎನ್ನುತ್ತದೆ. ಕಪಾಟಿನ ಹಿಂದೆ ಗಟ್ಟಿ ಕಂಬಿಯ ಕೇಬಲ್ಲು ಕಂಡರೆ ಅಲ್ಲಿ ಯಾರೋ ತಿಳಿಯದವರು ಕೈಯಾಡಿಸಿದ್ದಾರೆಂದೇ ಲೆಕ್ಕ. ಉಳಿದ ಕೆಲಸವನ್ನೂ ಅನುಮಾನದಿಂದಲೇ ನೋಡಬೇಕು.

230 ವೋಲ್ಟಿಗೆ ಹೆದರುವ ಅದೇ ಮಾಲೀಕರು 12 ವೋಲ್ಟಿನ ಬದಿಗೆ ಬಂದರೆ ಹುಲಿಗಳು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ತರ್ಕ. ಲೆಕ್ಕ ಹಾಕಿ ನೋಡಿ: 60 ವ್ಯಾಟಿನ ವಸ್ತುವಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು, 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಸಾವಿರ ವ್ಯಾಟಿನ ಇನ್ವರ್ಟರ್ ತಂದು ಕೂರಿಸಿದರೆ ಬ್ಯಾಟರಿಯಿಂದ ಸುಮಾರು 90 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿಯ ಎರಡು ತುದಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾಯುತ್ತದೆ. ಸುತ್ತ ಇರುವುದು ಪ್ಲೈವುಡ್ಡು, ಫೋಮು, ಪರದೆ ಬಟ್ಟೆ. ಫ್ಯೂಸು ಇರಬೇಕಾದ್ದು ಬ್ಯಾಟರಿಯ ಪಾಸಿಟಿವ್ ತುದಿಗೆ ಆದಷ್ಟು ಹತ್ತಿರ. ಬೇರೆ ಎಲ್ಲೋ ಇಟ್ಟರೆ ಅಲ್ಲಿಯವರೆಗಿನ ತಂತಿಗೆ ಕಾವಲಿಲ್ಲ. 10 ಆಂಪಿಯರ್ ಫ್ಯೂಸು ಪದೇ ಪದೇ ಹೋಗುತ್ತದೆಂದು 20 ಆಂಪಿಯರಿನದು ಹಾಕುವವರು ಸಮಸ್ಯೆಯನ್ನು ಫ್ಯೂಸಿನಿಂದ ತಂತಿಗೆ ವರ್ಗಾಯಿಸುತ್ತಿದ್ದಾರೆ, ಅಷ್ಟೆ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದರ ಪೆಟ್ಟಿಗೆಗೆ ಹೊರಗೆ ತೆರೆಯುವ ಗಾಳಿಕಿಂಡಿ ಇರಬೇಕು. ಹಾಸಿಗೆಯಡಿ ಬ್ಯಾಟರಿ ಬಚ್ಚಿಟ್ಟ ಗಾಡಿಗಳನ್ನು ಕೊಳ್ಳದಿರುವುದೇ ಕ್ಷೇಮ. ಹೊಸ ಲಿಥಿಯಂ ಬ್ಯಾಟರಿಯನ್ನು ಹಳೆಯ ಚಾರ್ಜರಿಗೆ ಜೋಡಿಸುವ ಈಗಿನ ಹುಮ್ಮಸ್ಸೂ ನನಗೆ ಹಿಡಿಸದು. ಆ ಚಾರ್ಜರು ಲೆಡ್-ಆಸಿಡ್ಡಿಗೆಂದು ಮಾಡಿದ್ದು.

ಹಾಗೆಂದು ಸ್ವಂತ ರಿಪೇರಿಯ ಪರಂಪರೆಯನ್ನೇ ತಳ್ಳಿಹಾಕಲಾರೆ. ಗಾಡಿಯ ಹೊರಗಿನ ದೀಪಗಳ ವಿಷಯದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. 2008ರ ಸುಮಾರಿನವರೆಗೆ ಕಾರಿಗೂ ಕ್ಯಾರವಾನಿಗೂ ನಡುವೆ ಏಳೇಳು ಪಿನ್ನಿನ ಎರಡು ಪ್ಲಗ್ಗುಗಳಿದ್ದವು: ಹೊರಗಿನ ದೀಪಗಳಿಗೆ 12 ಎನ್, ಒಳಗಿನ ಬಳಕೆಗೆ 12 ಎಸ್. ಆಮೇಲೆ 13 ಪಿನ್ನಿನ ಒಂದೇ ಪ್ಲಗ್ಗು ಬಂತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೂ ಜೊತೆಗೆ ಮಿನುಗುತ್ತಿದ್ದರೆ ಬಲ್ಬು ಬದಲಿಸಲು ಹೋಗಬೇಡಿ. ಮೊದಲ ಅನುಮಾನ ಬಿಳಿ ತಂತಿಯ ಮೇಲಿರಲಿ. ಅದು ಅಲ್ಲಿನ ಅರ್ಥ್ ತಂತಿ. ಪಿನ್ನಿನ ಕಿಲುಬು ಕೆರೆದು, ಸಡಿಲವಾದ ಸ್ಕ್ರೂ ಬಿಗಿದರೆ ಹಲವು ಸಲ ಅಲ್ಲಿಗೆ ಮುಗಿಯುತ್ತದೆ. ಮಲ್ಟಿಮೀಟರ್ ಹಿಡಿಯಲು ಬಂದರೆ ಬ್ಯಾಟರಿಯನ್ನೂ ಅಳೆಯಬಹುದು: ಒಂದಷ್ಟು ಹೊತ್ತು ಸುಮ್ಮನೆ ಬಿಟ್ಟ ಲೆಡ್-ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ನೀರಿನ ಪಂಪು, ಎಲ್.ಇ.ಡಿ. ದೀಪ, ಬ್ಯಾಟರಿ ತುದಿಗಳ ಸ್ವಚ್ಛತೆ, ಸರಿಯಾದ ಅಳತೆಯ ಫ್ಯೂಸು, ಇಷ್ಟು ಮನೆಯವರ ಕೆಲಸ. ತಂತಿಯ ಮೇಲೆ ಒತ್ತಿ ಕೂರಿಸುವ ನೀಲಿ ಕ್ಲಿಪ್ಪುಗಳನ್ನು ಮಾತ್ರ ಬಳಸಬೇಡಿ. ಅವು ಎಳೆಗಳನ್ನು ಕತ್ತರಿಸುತ್ತವೆ, ಒಳಗೆ ತೇವ ಸೇರಿ ಕಿಲುಬು ಹಿಡಿಯುತ್ತದೆ. ಎಂ.ಸಿ.ಬಿ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಕೆಲಸ ಮನೆಯವರದಲ್ಲ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಇಂಥ ಗಾಡಿ ಕೊಂಡರೆ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಊರಿನ ವೈರಿಂಗ್ ನೋಡಿದ ಕಣ್ಣಿಗೆ ಕೆಂಪು ಎಂದರೆ ಫೇಸು, ಕಪ್ಪು ಎಂದರೆ ನ್ಯೂಟ್ರಲ್ಲು, ಹಸಿರು ಎಂದರೆ ಅರ್ಥಿಂಗ್; ಮೂರು ಫೇಸಿನ ಮನೆಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ. ಕ್ಯಾರವಾನಿನ 230 ವೋಲ್ಟಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್ಲು. ಅದೇ ಗಾಡಿಯನ್ನು ಕಾರಿಗೆ ಜೋಡಿಸುವ ಪ್ಲಗ್ಗಿನಲ್ಲಿ ಹಸಿರು ತಂತಿ ಬಲಗಡೆಯ ಇಂಡಿಕೇಟರು, ನೀಲಿ ಮಂಜುದೀಪ. ಬಣ್ಣ ನಂಬಿ ಕೈಹಾಕಬಾರದು, ಮೀಟರ್ ಇಟ್ಟೇ ನೋಡಬೇಕು.

ಹಾಗಾದರೆ ದಾರಿ ಯಾವುದು? ಜರ್ಮನಿಯಲ್ಲಿ ಕ್ಯಾರವಾನುಗಳು ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಗೆ ಹೋಗುತ್ತವೆ, ಆದರೆ ಅದರ ಕಣ್ಣು ರಸ್ತೆಯ ಸುರಕ್ಷತೆಯ ಮೇಲೆ. ನ್ಯೂಜಿಲೆಂಡ್ ನೇರವಾಗಿ ವಿಷಯಕ್ಕೆ ಬಂದಿದೆ. ಅಲ್ಲಿ ಹೊರಗಿನ ಕರೆಂಟಿಗೆ ಸಿಕ್ಕಿಸುವ ಕ್ಯಾರವಾನಿಗೆ ವಿದ್ಯುತ್ ಅರ್ಹತಾ ಪತ್ರ ಇರಲೇಬೇಕು. ಅದರ ಅವಧಿ ನಾಲ್ಕು ವರ್ಷ. ನಾಲ್ಕು ವರ್ಷ ದೀರ್ಘವಾಯಿತು ಎನ್ನಬಹುದು, ಪತ್ರ ಸಿಕ್ಕ ಮರುದಿನವೇ ಯಾರಾದರೂ ತಂತಿ ಕೆಡಿಸಬಹುದು ಎಂದೂ ಹೇಳಬಹುದು. ಎರಡೂ ನಿಜ. ಆದರೂ ಗಾಡಿ ಕೈಬದಲಾಗುವಾಗ ಕೊಳ್ಳುವವರು ಕೇಳಬಹುದಾದ ಒಂದು ಕಾಗದ ಅಲ್ಲಿದೆ. ಬ್ರಿಟನ್ನಿನ ನಿಯಮಾವಳಿ ತಾಂತ್ರಿಕವಾಗಿ ಅದಕ್ಕೆ ಸಾಟಿಯಾದದ್ದೇ. ಜಾರಿಯ ವಿಷಯದಲ್ಲಿ ನ್ಯೂಜಿಲೆಂಡಿನದೇ ಮೇಲು.

ಬ್ರಿಟನ್ ಅಂಥ ನಿಯಮ ತರುವವರೆಗೆ ಕೊಳ್ಳುವವರೇ ಆ ಕೆಲಸ ಮಾಡಬೇಕು. ಅಲ್ಲಿ ಕ್ಯಾರವಾನ್ ಉದ್ಯಮದ ಮಂಡಳಿಯೂ ಎರಡು ದೊಡ್ಡ ಕ್ಲಬ್ಬುಗಳೂ ಸೇರಿ ನಡೆಸುವ ಅನುಮೋದಿತ ವರ್ಕ್‌ಶಾಪುಗಳ ಪಟ್ಟಿಯಿದೆ. ಮನೆಗೇ ಬರುವ ಮೆಕ್ಯಾನಿಕ್ಕುಗಳೂ ಅದರಲ್ಲಿದ್ದಾರೆ. ಸರ್ವಿಸ್ ಪುಸ್ತಕದ ಮೊಹರು ನೋಡಿ ತೃಪ್ತಿಪಡಬೇಡಿ. ಅಳತೆ ಬರೆದ ಹಾಳೆ ಕೇಳಿ: 500 ವೋಲ್ಟ್ ಹಾಕಿ ಅಳೆದ ಇನ್ಸುಲೇಷನ್ ಒಂದು ಮೆಗಾ ಓಮಿಗಿಂತ ಕಡಿಮೆ ಇರಬಾರದು, ಆರ್.ಸಿ.ಡಿ. 30 ಮಿಲಿ ಆಂಪಿಯರಿಗೆ 300 ಮಿಲಿ ಸೆಕೆಂಡಿನೊಳಗೆ ಬೀಳಬೇಕು, ಅರ್ಥಿಂಗ್ ತಂತಿ ಪ್ಲಗ್ಗಿನಿಂದ ಚಾಸಿಯವರೆಗೆ ತುಂಡಾಗದೆ ಇರಬೇಕು. ಮಾರುವವರ ಹತ್ತಿರ ಆ ಹಾಳೆ ಇಲ್ಲದಿದ್ದರೆ ಪರೀಕ್ಷೆಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ, ಹಾಳೆ ಕೈಗೆ ಬರುವವರೆಗೆ ಆ ಗಾಡಿಯನ್ನು ಯಾವ ಸಾಕೆಟ್ಟಿಗೂ ಸಿಕ್ಕಿಸಬೇಡಿ.