‘ಈ ಸಲ ಕಪ್ ನಮ್ದೇ’: ಒಂದು ಜಯಘೋಷದ ವಿಚಾರ

೧

ಆಟದ ಬಯಲಿನಲ್ಲಿ ಬೆಳೆದ ಮಾತೊಂದು ಸಾಹಿತ್ಯವಿಚಾರಕ್ಕೆ ವಿಷಯವಾಗಬಹುದೆ ಎಂಬ ಶಂಕೆ ವಿದ್ವಾಂಸರಲ್ಲಿ ಹುಟ್ಟುವುದು ಸಹಜ. ಆದರೆ ಗಾದೆ, ಒಗಟು, ಲಾವಣಿ, ಬಿರುದಾವಳಿ ಮೊದಲಾದುವನ್ನು ಕನ್ನಡ ವಿಮರ್ಶೆಯು ಬಹುಕಾಲದಿಂದ ತನ್ನ ಕಕ್ಷೆಗೆ ಸೇರಿಸಿಕೊಂಡಿದೆ. ಕರ್ತೃವಾರೆಂದು ಯಾರೂ ಕೇಳದೆ, ಬಾಯಿಂದ ಬಾಯಿಗೆ ಹಬ್ಬಿ, ಲಕ್ಷಾಂತರ ಜನರ ಆಸೆಗೆ ಒಂದೇ ಆಕಾರವನ್ನು ಕೊಟ್ಟ ಮಾತಿಗೆ ಅದೇ ಮರ್ಯಾದೆ ಸಲ್ಲಬೇಕು. ‘ಈ ಸಲ ಕಪ್ ನಮ್ದೇ’ ಎಂಬ ನಾಲ್ಕು ಪದಗಳ ವಾಕ್ಯ ಅಂತಹುದು. ಈಚಿನ ವರ್ಷಗಳಲ್ಲಿ ಇಷ್ಟು ಮಂದಿ ಒಟ್ಟಾಗಿ ಉಚ್ಚರಿಸಿದ ಕನ್ನಡ ವಾಕ್ಯಗಳು ವಿರಳ. ಕನ್ನಡವರಿಯದವರೂ ಕನ್ನಡದಲ್ಲಿಯೇ ಉಚ್ಚರಿಸಿದ ವಾಕ್ಯಗಳು ಇನ್ನೂ ವಿರಳ. ೨೦೨೫ರ ಜೂನ್ ತಿಂಗಳ ಎರಡು ದಿನಗಳಲ್ಲಿ ಆ ವಾಕ್ಯ ಪರಮಸಂತೋಷವನ್ನೂ ಘೋರದುಃಖವನ್ನೂ ಕಂಡಿತು. ಹೀಗಿರಲು ಅದರ ರೂಪವನ್ನೂ ಅರ್ಥವನ್ನೂ ಶೋಧಿಸುವುದು ಉಚಿತವೇ ಆಗಿದೆ.

ವಾಕ್ಯದ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳಬಹುದು. ಭಾರತದ ಇಪ್ಪತ್ತು ಓವರುಗಳ ಕ್ರಿಕೆಟ್ ಲೀಗ್ ೨೦೦೮ರಲ್ಲಿ ಆರಂಭವಾದಾಗ ಬೆಂಗಳೂರಿನ ಹೆಸರಿನಲ್ಲಿ ರಾಯಲ್ ಚಾಲೆಂಜರ್ಸ್ ಎಂಬ ತಂಡ ಕಣಕ್ಕಿಳಿಯಿತು. ೨೦೦೯ರಲ್ಲಿ ಜೊಹಾನೆಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಅದು ೬ ಓಟಗಳಿಂದ ಸೋತಿತು. ೨೦೧೧ರಲ್ಲಿ ಚೆನ್ನೈಯಲ್ಲಿ ೫೮ ಓಟಗಳಿಂದ. ೨೦೧೬ರಲ್ಲಿ ತನ್ನ ಸ್ವಂತ ಬಯಲಾದ ಬೆಂಗಳೂರಿನಲ್ಲಿಯೇ ೮ ಓಟಗಳಿಂದ. ಮೂರು ಸಲ ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಯಿತು. ಈ ಸೋಲುಗಳ ಮೇಲೆಯೇ ‘ಈ ಸಲ’ ಎಂಬ ಮಾತು ನಿಂತಿದೆ. ೨೦೧೮ರ ಹೊತ್ತಿಗೆ ಅದು ನಾಡೆಲ್ಲ ಬಲ್ಲ ಘೋಷವಾಗಿತ್ತು. ಮೊದಲ ಯತ್ನದಲ್ಲಿಯೇ ಗೆದ್ದವರಿಗೆ ಇಂತಹ ವಾಕ್ಯ ಹೊಳೆಯುವುದಿಲ್ಲ. ಕಳೆದುಹೋದ ಸಲಗಳ ಲೆಕ್ಕವಿಟ್ಟವರೇ ‘ಈ ಸಲ’ ಎನ್ನುವರು.

೨

ವ್ಯಾಕರಣದೃಷ್ಟಿಯಿಂದ ನೋಡಿದರೆ ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಕನ್ನಡದಲ್ಲಿ ನಾಮಪದಗಳೆರಡು ಎದುರುಬದುರು ನಿಂತು ವಾಕ್ಯವಾಗುವುದು ಸರ್ವವಿದಿತ. ಕ್ರಿಯಾಪದವಿಲ್ಲದ್ದರಿಂದ ಕಾಲವೂ ಇಲ್ಲ. ‘ಗೆಲ್ಲುವೆವು’ ಎಂದಿದ್ದರೆ ಅದು ಭವಿಷ್ಯತ್ತು. ‘ಗೆದ್ದೆವು’ ಎಂದಿದ್ದರೆ ಭೂತ. ‘ಕಪ್ ನಮ್ದೇ’ ಎಂಬಲ್ಲಿ ಎರಡೂ ಇಲ್ಲ. ಆಸೆಯೂ ಹಕ್ಕೂ ವಸ್ತುಸ್ಥಿತಿಯೂ ಒಂದೇ ಮಾತಿನಲ್ಲಿ ಅಡಗಿವೆ. ಋತುವಿನ ಆದಿಯಲ್ಲಿ ಕೂಗಿದರೂ ಅದು ಸಲ್ಲುವುದು, ಅಂತ್ಯದಲ್ಲಿ ಕೂಗಿದರೂ ಸಲ್ಲುವುದು. ಸೋತ ಮೇಲೆಯೂ ಮುಂದಿನ ವರ್ಷಕ್ಕೆ ಅಕ್ಷರವನ್ನೂ ಬದಲಿಸದೆ ಒಯ್ಯಬಹುದು. ವರ್ಷವರ್ಷವೂ ಸೋತರೂ ವಾಕ್ಯ ಸವೆಯದಿದ್ದುದಕ್ಕೆ ಈ ಕಾಲಶೂನ್ಯತೆಯೇ ಕಾರಣ.

ಎರಡನೆಯದಾಗಿ, ಕೊನೆಯ ಏಕಾರ. ಅವಧಾರಣಾರ್ಥದ ಈ ಏಕಾರ ನಿಶ್ಚಯವನ್ನು ಸೂಚಿಸುವುದೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಲೋಕವ್ಯವಹಾರದಲ್ಲಿ ಒತ್ತಿ ಹೇಳುವ ಅವಶ್ಯಕತೆ ಬರುವುದು ಸಂದೇಹವಿರುವ ಕಡೆಯಲ್ಲಿ. ತನ್ನ ಮನೆಯ ಜಗಲಿಯಲ್ಲಿ ಕುಳಿತವನು ‘ಮನೆ ನಮ್ಮದು’ ಎನ್ನುವನು. ವ್ಯಾಜ್ಯ ಎದ್ದಾಗ ‘ಮನೆ ನಮ್ಮದೇ’ ಎನ್ನುವನು. ‘ನಮ್ದೇ’ ಎಂಬುದರಲ್ಲಿ ಧೈರ್ಯದ ಹಿಂದೆ ಅಳುಕೂ ಉಂಟು. ಎದುರಾಳಿ ತಂಡಗಳ ಅಭಿಮಾನಿಗಳು ಈ ಅಳುಕನ್ನು ಬೇಗನೆ ಕಂಡುಕೊಂಡರು. ಅದೇ ವಾಕ್ಯವನ್ನು ಧ್ವನಿ ಬದಲಿಸಿ ಹೇಳಿದೊಡನೆ ಅದು ಪರಿಹಾಸವಾಯಿತು. ಆಲಂಕಾರಿಕರು ಹೇಳುವ ಕಾಕುವಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ತರಗತಿಯಲ್ಲಿ ದೊರೆಯಲಾರದು. ಬೆಂಗಳೂರಿನ ಅಭಿಮಾನಿಗಳ ದೊಡ್ಡತನವೆಂದರೆ, ಆ ಪರಿಹಾಸವನ್ನು ಅವರೇ ತಮ್ಮ ಮೇಲೆ ಪ್ರಯೋಗಿಸಿಕೊಂಡು ನಕ್ಕದ್ದು. ಹಾಗೆ ನಗಬಲ್ಲವರ ಬಾಯಲ್ಲಿ ವಾಕ್ಯ ಒಣ ಜಂಬವಾಗದೆ ಉಳಿಯಿತು.

೨೦೨೪ರ ಮಾರ್ಚ್ ೧೭ರಂದು ಮೊದಲು ಗೆದ್ದವರು ಮಹಿಳೆಯರು. ಕಲಬುರಗಿಯ ಶ್ರೇಯಾಂಕಾ ಪಾಟೀಲ ನಾಲ್ಕು ವಿಕೆಟ್ಟುಗಳನ್ನು ಪಡೆದ ದಿಲ್ಲಿಯ ಆ ಅಂತಿಮ ಪಂದ್ಯದ ಬಳಿಕ ನಾಯಕಿ ಸ್ಮೃತಿ ಮಂಧಾನ, ಇದುವರೆಗೆ ‘ನಮ್ದೇ’ ಎನ್ನುತ್ತಿದ್ದರು, ಈಗ ಅದು ‘ನಮ್ದು’ ಎಂಬ ಅರ್ಥದ ಮಾತನಾಡಿದರು. ಮರಾಠಿ ಪರಿಸರದಿಂದ ಬಂದ ಆಟಗಾರ್ತಿಯೊಬ್ಬರು ಕನ್ನಡದ ಅವಧಾರಣೆಯ ಮರ್ಮವನ್ನು ಒಂದಕ್ಷರದಲ್ಲಿ ಹಿಡಿದದ್ದು ಭಾಷಾಧ್ಯಾಪಕರು ಗಮನಿಸತಕ್ಕ ಸಂಗತಿ. ಬಯಸಿದ್ದು ಕೈಸೇರಿದ ಮೇಲೆ ಒತ್ತು ಬೇಡವಾಯಿತು. ಏಕಾರ ಬಿದ್ದುಹೋದುದರಲ್ಲಿಯೇ ಜಯದ ಸುದ್ದಿಯಿದೆ.

೩

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬ್ ತಂಡವನ್ನು ಎದುರಿಸಿತು. ಬೆಂಗಳೂರಿನದು ೧೯೦ ಓಟಗಳು, ಪಂಜಾಬಿನದು ೧೮೪. ಮೊದಲ ಅಂತಿಮ ಪಂದ್ಯದಲ್ಲಿ ೬ ಓಟಗಳಿಂದ ಸೋತ ತಂಡ ಹದಿನೆಂಟನೆಯ ಋತುವಿನಲ್ಲಿ ೬ ಓಟಗಳಿಂದಲೇ ಗೆದ್ದಿತು. ಕೊನೆಯ ಓವರಿನಲ್ಲಿ ಪಂಜಾಬಿಗೆ ೨೯ ಓಟಗಳು ಬೇಕಾಗಿದ್ದುವು. ಮೊದಲೆರಡು ಎಸೆತಗಳು ಬರಿದಾದಾಗ ಫಲ ಬಹುಮಟ್ಟಿಗೆ ನಿಶ್ಚಿತವಾಯಿತು. ಉಳಿದ ನಾಲ್ಕರಲ್ಲಿ ಬಂದ ೨೨ ಓಟಗಳು ಸೋಲನ್ನು ತಪ್ಪಿಸಲಿಲ್ಲ. ೨೦೦೮ರಿಂದ ಒಂದೇ ತಂಡದಲ್ಲಿದ್ದ ವಿರಾಟ್ ಕೊಹ್ಲಿಯ ಕಣ್ಣುಗಳು ಆಟ ಮುಗಿಯುವ ಮೊದಲೇ ತುಂಬಿದುವು. ಮುಗಿದೊಡನೆ ಅವರು ಮಂಡಿಯೂರಿ ಮುಖವನ್ನು ನೆಲಕ್ಕೆ ಬಾಗಿಸಿದರು. ಜೊತೆಗಾರರು ಓಡಿಬಂದು ಸುತ್ತುವರಿದರು. ಹಿಂದೆ ತಂಡದಲ್ಲಿ ಆಡಿ, ಗೆಲ್ಲದೆಯೇ ನಿವೃತ್ತರಾಗಿದ್ದ ಎ. ಬಿ. ಡಿವಿಲಿಯರ್ಸ್ ಮತ್ತು ಕ್ರಿಸ್ ಗೇಲ್ ಕೂಡ ಬಯಲಿಗಿಳಿದು ಸಂಭ್ರಮದಲ್ಲಿ ಪಾಲುಗೊಂಡರು.

ಭರತನು ಅಶ್ರುವನ್ನು ಸಾತ್ತ್ವಿಕಭಾವಗಳಲ್ಲಿ ಎಣಿಸಿ, ಅದು ದುಃಖದಂತೆಯೇ ಆನಂದದಿಂದಲೂ ಹುಟ್ಟುವುದೆಂದಿರುವನು. ಸಾತ್ತ್ವಿಕವನ್ನು ಬರಿಯ ಅಭ್ಯಾಸದಿಂದ ತಂದುಕೊಳ್ಳಲಾಗದು. ಮನಸ್ಸು ನೆಲೆನಿಂತಾಗ ದೇಹದಲ್ಲಿ ತಾನಾಗಿ ತೋರುವುದು. ಅಹಮದಾಬಾದಿನ ಬಯಲಿನಲ್ಲಿ ಕಂಡದ್ದು ಅಂತಹ ಅಶ್ರು. ಅದನ್ನು ಕಂಡು ನೂರಾರು ಹರದಾರಿ ದೂರದಲ್ಲಿ ಪರದೆಯ ಮುಂದೆ ಕುಳಿತವರ ಕಣ್ಣೂ ಒದ್ದೆಯಾಯಿತು. ಅದು ಕಾವ್ಯಮೀಮಾಂಸೆಯು ಹೇಳುವ ಸಾಧಾರಣೀಕರಣಕ್ಕೆ ಬಹಳ ಸಮೀಪವಾದ ಅನುಭವ. ಒಬ್ಬನ ಹದಿನೆಂಟು ವರ್ಷಗಳ ಕಾಯುವಿಕೆ ಎಲ್ಲರ ಕಾಯುವಿಕೆಯಾಯಿತು.

ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ರಸಾನುಭವದಲ್ಲಿ ‘ಇದು ನನ್ನದು, ಇದು ಪರರದು’ ಎಂಬ ಸಂಬಂಧ ಕಳಚಿಹೋಗುವುದೆಂದು ಭಟ್ಟನಾಯಕ, ಅಭಿನವಗುಪ್ತರ ಮತ. ದುಷ್ಯಂತನ ವಿರಹ ಪ್ರೇಕ್ಷಕನದೂ ಅಲ್ಲ, ಪಕ್ಕದವನದೂ ಅಲ್ಲ. ಆದುದರಿಂದಲೇ ಇಬ್ಬರೂ ಅದನ್ನು ಸವಿಯಬಲ್ಲರು. ಜಯಘೋಷದ ದಾರಿ ಬೇರೆ. ಅದು ‘ನಮ್ದು’ ಎಂಬ ಸಂಬಂಧವನ್ನೇ ಗಟ್ಟಿಯಾಗಿ ಹಿಡಿಯುವುದು. ನಾಟಕ ಮುಗಿದೊಡನೆ ಸಹೃದಯನು ತೃಪ್ತನಾಗಿ ಮನೆಗೆ ತೆರಳುವನು; ‘ನಮ್ದು’ ಎಂದವನು ತನ್ನದಾದುದನ್ನು ನೋಡಬೇಕು, ಅದರ ಹತ್ತಿರ ನಿಲ್ಲಬೇಕು ಎಂದು ಬಯಸುವನು. ಇದು ದೋಷವಲ್ಲ, ಲೌಕಿಕಭಾವದ ಧರ್ಮವೇ ಹಾಗೆ. ಜನರ ಸಂತೋಷಕ್ಕೆ ಏರ್ಪಾಡು ಮಾಡುವವರು ಮಾತ್ರ ಈ ಭೇದವನ್ನು ತಿಳಿದಿರಬೇಕು.

೪

ಇನ್ನು ‘ನಮ್’ ಎಂಬುದರ ವಿಚಾರ. ತಮಿಳಿನಲ್ಲಿ ಕೇಳುವವನನ್ನು ಒಳಗೊಂಡ ‘ನಾವು’ ಬೇರೆ, ಅವನನ್ನು ಬಿಟ್ಟ ‘ನಾವು’ ಬೇರೆ. ತೆಲುಗಿನಲ್ಲಿ ‘ಮನಮು’, ‘ಮೇಮು’ ಎಂದೂ ತುಳುವಿನಲ್ಲಿ ‘ನಮ’, ‘ಎಂಕುಳು’ ಎಂದೂ ಈ ಭೇದ ಸ್ಪಷ್ಟವಾಗಿದೆ. ಇಂದಿನ ಸಾಮಾನ್ಯ ಕನ್ನಡದಲ್ಲಿ ಅದಿಲ್ಲ. ‘ನಮ್ಮದು’ ಎಂದಾಗ ಎದುರಿಗಿರುವವನು ಒಳಗೋ ಹೊರಗೋ ಎಂದು ಕನ್ನಡ ಕೇಳುವುದಿಲ್ಲ. ದಿಲ್ಲಿಯ ಕೊಹ್ಲಿ, ಇಂದೋರಿನ ನಾಯಕ ರಜತ್ ಪಾಟೀದಾರ್, ಬೆಂಗಳೂರಿನ ಮಯಾಂಕ್ ಅಗರವಾಲ್, ಪ್ರವೇಶಚೀಟಿ ಕೊಂಡವನು, ಕೊಳ್ಳಲಾರದವನು ಎಲ್ಲರೂ ಆ ಒಂದು ಪದದೊಳಗೆ ಹಿಡಿಸಿದರು. ತಂಡದಲ್ಲಿ ಕನ್ನಡಿಗರು ಎಷ್ಟು ಮಂದಿ ಎಂಬ ಆಕ್ಷೇಪಕ್ಕೆ ಘೋಷವಾಕ್ಯ ತನ್ನ ವ್ಯಾಕರಣದಿಂದಲೇ ಉತ್ತರವನ್ನು ಕೊಟ್ಟಿತ್ತು.

ಜೂನ್ ೪ರಂದು ಆ ಪದಕ್ಕೆ ಬಾಗಿಲು ಅಡ್ಡ ಬಂದಿತು. ವಿಧಾನಸೌಧದ ಮುಂದೆಯೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೂ ಸನ್ಮಾನವೆಂದು ಗೊತ್ತಾಯಿತು. ಮೆರವಣಿಗೆ ಉಂಟೆಂದೂ ಇಲ್ಲವೆಂದೂ ಸುದ್ದಿಗಳು ಒಂದರ ಮೇಲೊಂದು ಬಂದುವು. ಕೆಂಗೇರಿ, ಜ್ಞಾನಭಾರತಿ, ವಿಜಯನಗರಗಳ ಕಡೆಯಿಂದ ಕಬ್ಬನ್ ಪಾರ್ಕಿನವರೆಗೆ ಒಂದೇ ಮೆಟ್ರೋ ಮಾರ್ಗವಿರುವ ಊರಿನಲ್ಲಿ ಜನ ಸೇರುವುದಕ್ಕೆ ಹೊತ್ತು ಹಿಡಿಯದು. ಕ್ರೀಡಾಂಗಣ ಸುಮಾರು ೩೫,೦೦೦ ಜನರನ್ನು ಹಿಡಿಯುವುದು. ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ದ್ವಾರಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ ೧೧ ಮಂದಿ ಪ್ರಾಣಬಿಟ್ಟರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮಡಿದವರು ಎಳೆಯ ವಯಸ್ಸಿನವರು. ಹೊರಗೆ ಸಾವು ಸಂಭವಿಸಿದ ಮೇಲೆಯೂ ಒಳಗೆ ಸಮಾರಂಭ ಸ್ವಲ್ಪ ಹೊತ್ತು ನಡೆಯಿತು. ಹೊಣೆ ಯಾರದೆಂಬ ವಿಚಾರಣೆ ನ್ಯಾಯಾಲಯಕ್ಕೂ ಆಯೋಗಕ್ಕೂ ಸೇರಿದ ವಿಷಯ. ಸಾಹಿತ್ಯವಿಮರ್ಶೆಗೆ ಸೇರಿದ ವಿಷಯ ಇಷ್ಟು: ಒಳಗು ಹೊರಗು ಎಣಿಸದ ಸರ್ವನಾಮವೊಂದನ್ನು ನಂಬಿ ಜನ ಬಂದರು, ಅಲ್ಲಿ ಒಳಗು ಹೊರಗು ಇದ್ದಿತು.

೫

ಪಶ್ಚಿಮ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ, ಜ್ಞಾನಭಾರತಿಯ ನೆರೆಯಲ್ಲಿ, ಕಲಾಗ್ರಾಮವೆಂಬ ಸ್ಥಳವಿದೆ. ಜೂನ್ ತಿಂಗಳ ಆ ಎರಡು ದಿನಗಳನ್ನು ವಿಚಾರಮಾಡುವುದಕ್ಕೆ ಅದು ಎರಡು ಬಗೆಗಳಲ್ಲಿ ನೆರವಾಗುವುದು.

ಮೊದಲನೆಯದಾಗಿ, ರಾಷ್ಟ್ರೀಯ ನಾಟಕಶಾಲೆಯ ಬೆಂಗಳೂರು ಕೇಂದ್ರ ಅಲ್ಲಿದೆ. ಕನ್ನಡದಲ್ಲಿ ನಾಟಕವಾಡುವ ಜಾಗವೂ ರಂಗ, ಕಾಳಗದ ಜಾಗವೂ ರಣರಂಗ, ಆಟದ್ದೂ ಕ್ರೀಡಾರಂಗ. ರಂಗಕ್ಕೆ ಅಳತೆ ಬೇಕೆಂಬುದು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದ ಸಾರ. ಮನುಷ್ಯರಿಗೆ ೬೪ ಮೊಳ ಉದ್ದ, ೩೨ ಮೊಳ ಅಗಲದ ಮಂಟಪ ಸಾಕು. ಅದನ್ನು ಮೀರಿದರೆ ಮಾತು ಕೇಳದು, ಮುಖದ ಭಾವ ಕಾಣದು ಎಂಬುದು ಅದರ ನಿಲವು. ಈ ವಿಧಿಯನ್ನು ಬರಿಯ ಶಿಲ್ಪಶಾಸ್ತ್ರವೆಂದು ಓದುವುದು ವಾಡಿಕೆ. ಅದರ ಬೇರು ಪ್ರೇಕ್ಷಕನ ಮೇಲಣ ಕಾಳಜಿ. ಎಷ್ಟು ಮಂದಿಯನ್ನು ಕರೆಯಬಹುದೆಂಬುದನ್ನು ಕರೆಯುವ ಮೊದಲೇ ಅಳೆಯಬೇಕು. ಭಾವಕ್ಕೆ ಮಿತಿಯಿಲ್ಲದಿದ್ದರೂ ಅದನ್ನು ಹೊತ್ತ ಮೈಗೆ ಜಾಗ ಬೇಕು.

ಎರಡನೆಯದಾಗಿ, ಜಿ. ಎಸ್. ಶಿವರುದ್ರಪ್ಪ (೨೦೧೩), ಯು. ಆರ್. ಅನಂತಮೂರ್ತಿ (೨೦೧೪), ಸಿದ್ಧಲಿಂಗಯ್ಯ (೨೦೨೧) ಇವರ ಅಂತ್ಯಸಂಸ್ಕಾರ ನಡೆದುದು ಆ ನೆಲದಲ್ಲಿ. ಇವರಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕದಲ್ಲಿ ಓದಿಸಿಕೊಂಡುದಕ್ಕಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಹಾಡಿಸಿಕೊಂಡುವು. ಜನಸಮೂಹದ ಕಂಠಕ್ಕೆ ಕಾವ್ಯವನ್ನು ಒಗ್ಗಿಸಿದ ಕವಿ ಅವರು. ದೇಶಕ್ಕೆ ಬಂದ ಸ್ವಾತಂತ್ರ್ಯ ನಿಜವಾಗಿ ಯಾರ ಪಾಲಿಗೆ ದಕ್ಕಿತೆಂದು ಅವರ ಪದ್ಯವೊಂದು ಕೇಳಿತು. ಜಯದಲ್ಲಿ ಎಲ್ಲರ ಹೆಸರನ್ನೂ ಹೇಳಿ ಫಲದಲ್ಲಿ ಕೆಲವರನ್ನು ಹೊರಗಿಡುವ ‘ನಾವು’ ಎಂಬ ಪದದ ಮೇಲೆ ಹಾಕಿದ ಪ್ರಶ್ನೆ ಅದು. ‘ಕಪ್ ನಮ್ದು’ ಎಂಬಲ್ಲಿಯೂ ಅದೇ ಪ್ರಶ್ನೆಯನ್ನು ಹಾಕಬೇಕಾಗಿದೆ. ಸ್ವಾತಂತ್ರ್ಯಕ್ಕೂ ಆಟದ ಬಟ್ಟಲಿಗೂ ಹೋಲಿಕೆಯೆಲ್ಲಿ ಎನ್ನುವವರಿಗೆ ಉತ್ತರವಿಷ್ಟೆ: ವಸ್ತು ಚಿಕ್ಕದಾದರೂ ಕಳೆದುಹೋದ ಪ್ರಾಣಗಳು ಚಿಕ್ಕವಲ್ಲ.

೬

ಜಯವನ್ನು ಹೇಳುವಾಗ ಮಡಿದವರನ್ನು ಬಿಡದಿರುವುದು ಕನ್ನಡಸಾಹಿತ್ಯದ ಹಳೆಯ ನಡತೆ. ರನ್ನನ ಗದಾಯುದ್ಧ ಭೀಮನ ಗೆಲವಿನ ಕಾವ್ಯ. ಆದರೆ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಹೆಣಗಳ ನಡುವೆ ಎಡವುತ್ತ ನಡೆಯುವ ದುರ್ಯೋಧನ. ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಅವನು ಒಬ್ಬೊಬ್ಬರಿಗಾಗಿ ನಿಂತು ದುಃಖಿಸುವನು. ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಲ್ಲುವನು. ಗೆದ್ದವನ ಹೆಸರಿನ ಕಾವ್ಯಕ್ಕೆ ಘನತೆಯನ್ನು ತಂದುದು ಈ ನಿಲುಗಡೆಗಳು. ಬೆಂಗಳೂರಿನ ಹೆಸರು ದೊರೆಯುವ ಅತಿ ಹಳೆಯ ಬರೆಹವೆಂದು ಪ್ರಸಿದ್ಧವಾದ ಬೇಗೂರಿನ ಶಾಸನವೂ, ಸುಮಾರು ೮೯೦ರದು, ಅರಸನ ಜಯಪ್ರಶಸ್ತಿಯಲ್ಲ. ಬೆಂಗಳೂರಿನ ಕಾಳಗದಲ್ಲಿ ಮಡಿದವರನ್ನು ಹೆಸರಿಸುವ ವೀರಗಲ್ಲು. ಊರಿನ ಹೆಸರು ಮೊದಲು ಕಲ್ಲಿಗೇರಿದುದು ಸತ್ತವರ ನೆನಪಿಗಾಗಿ.

ಜೂನ್ ೪ರಂದು ಮಡಿದವರು ಕಾಳಗಕ್ಕೆ ಹೋದವರಲ್ಲ. ಅವರನ್ನು ವೀರರೆಂದು ಹೊಗಳಿ ಮುಗಿಸಿಬಿಡುವುದು ಹೊಣೆಯನ್ನು ಜಾರಿಸಿಕೊಳ್ಳುವ ದಾರಿಯಾದೀತು. ಹಬ್ಬ ನೋಡಲು ಹೋದವರು ಅವರು. ಅವರಿಗೆ ಸಲ್ಲಬೇಕಾದುದು ಪ್ರಶಸ್ತಿಯಲ್ಲ, ಲೆಕ್ಕ. ಆ ಗೆಲವನ್ನು ಹೇಳುವ ಚರಿತ್ರೆಯಲ್ಲಿ ೧೯೦, ೧೮೪ ಎಂಬ ಅಂಕಿಗಳ ಪಕ್ಕದಲ್ಲಿ ೧೧ ಎಂಬ ಅಂಕಿಯೂ ಇರಬೇಕು.

ಘೋಷವಾಕ್ಯವನ್ನು ಇದರಿಂದ ತಳ್ಳಿಹಾಕಬೇಕಾಗಿಲ್ಲ. ಹದಿನೆಂಟು ಋತುಗಳ ಸೋಲುಗೆಲವುಗಳನ್ನು ನಗುತ್ತ ಹೊತ್ತ ಜನ ಕಟ್ಟಿದ ಒಳ್ಳೆಯ ಕನ್ನಡ ವಾಕ್ಯ ಅದು. ಕಾಲವಿಲ್ಲದ ಅದರ ರಚನೆ, ಒತ್ತಿನಲ್ಲಿ ಅಡಗಿದ ಅಳುಕು, ಎಲ್ಲರಿಗೂ ತೆರೆದ ಸರ್ವನಾಮ ಇವು ಮೂರೂ ವಿಮರ್ಶಕರ ಮನ್ನಣೆಗೆ ಯೋಗ್ಯವಾಗಿವೆ. ತರಗತಿಯಲ್ಲಿ ಅವಧಾರಣೆಯನ್ನೂ ಕಾಕುವನ್ನೂ ಹೇಳಿಕೊಡುವ ಅಧ್ಯಾಪಕರು ಈ ವಾಕ್ಯವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ‘ನಮ್ದು’ ಎಂಬ ಪದಕ್ಕೆ ಬಂದಾಗ ಮಾತ್ರ ಒಂದು ಗಳಿಗೆ ತಡೆದು, ಆ ‘ನಮ್’ ಎಂಬುದರೊಳಗೆ ಬಾಗಿಲ ಹೊರಗೆ ಉಳಿದವರೂ ಸೇರಿರುವರೆಂದು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಕನ್ನಡದ ವ್ಯಾಕರಣ ಅವರನ್ನು ಎಂದೂ ಹೊರಗಿಟ್ಟಿಲ್ಲ.